ಹದಿನಾಲ್ಕು ಮೊಳದ ಬಾವಿ

ಒದ್ದೆ ಕಂಬಳಿಯ ವಾಸನೆ ಬಂದರೆ ಉಳಿದವರಿಗೆ ಬಿಸಿ ಚಹಾ ನೆನಪಾಗುತ್ತದಂತೆ. ನನಗೆ ಪಾಲಿಕೆಯ ಸಭಾಂಗಣ ನೆನಪಾಗುತ್ತದೆ. ಹೋದ ವಾರ ಖಾನಾಪುರದಲ್ಲಿ ಗೆಳೆಯ ಬೀರಪ್ಪನ ಮನೆಗೆ ಹೋಗಿದ್ದೆ. ಮಳೆ ಅಂದರೆ ಖಾನಾಪುರದ ಮಳೆ, ಕೊಡೆ ಹಿಡಿದವನನ್ನು ಹುಡುಕಿಕೊಂಡು ಬಂದು ತೋಯಿಸುವಂಥದ್ದು. ಪಡಸಾಲೆಯ ಗೂಟಕ್ಕೆ ಕಂಬಳಿ ತೂಗುಹಾಕಿದ್ದ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕೈಯಲ್ಲಿದ್ದ ಚಹಾದ ಕಪ್ಪು-ಬಸಿ ಕಟಕಟ ಅಂದವು.

"ಇನ್ನೂ ಹೋಗಿಲ್ಲೇನಲೇ ಆ ನಡುಕ?" ಎಂದು ಬೀರಪ್ಪ ನಕ್ಕ.

ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ? ಸುಳ್ಳು ಹೇಳಿಯೇ ಆ ವರ್ಷ ಹಾಗಾದದ್ದು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ, ನನ್ನ ಗುಣಗಾನವನ್ನು ನಾನೇ ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ. ನಾನು ಬಸಪ್ಪ. ಬೆಳಗಾವಿ-ಖಾನಾಪುರ ರೂಟಿನಲ್ಲಿ ಬದುಕೆಲ್ಲ ಕಂಡಕ್ಟರಿಕೆ ಮಾಡಿದವನು. ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲದಾಗ "ಯಾರದೋ ಪಾಕೀಟು ಬಿದ್ದೈತಿ ನೋಡ್ರಿ" ಎಂದು ಕೂಗುತ್ತಿದ್ದೆ. ಎಲ್ಲರೂ ಬಗ್ಗಿ ಕೆಳಗೆ ನೋಡುವಷ್ಟರಲ್ಲಿ ಹಿಂದಿನಿಂದ ಮುಂದಿನವರೆಗೂ ಟಿಕೀಟು ಹರಿದು ಮುಗಿಸುತ್ತಿದ್ದೆ. ಮಹಾಂತೇಶ ನಗರದ ನಮ್ಮ ಬೀಗರು ಹೊಸ ಮನೆಯ ಗೃಹಪ್ರವೇಶಕ್ಕೆ ನನ್ನನ್ನು ಕರೆಯಲು ಮರೆತಿದ್ದರು. ಅವರ ಗೇಟಿಗೆ "ಮನೆ ಬಾಡಿಗೆಗೆ ಇದೆ, ಒಳಗೆ ವಿಚಾರಿಸಿ" ಎಂದು ಬೋರ್ಡು ಹಾಕಿ, ಹನ್ನೊಂದು ಮಂದಿ ಬಾಡಿಗೆದಾರರನ್ನು ಅವರ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ತಿನ್ನಿಸಿದವನು ನಾನೇ. ಇಂಥವನಿಗೆ ಅಂಜಿಕೆ ಎಂದರೇನು ಎಂಬುದೇ ಗೊತ್ತಿರಲಿಲ್ಲ. ಆ ಒಂದು ವರ್ಷ ಎಲ್ಲ ಬಡ್ಡಿ ಸಮೇತ ಗೊತ್ತಾಯಿತು.

ಮಿಲಿಟರಿ ಕ್ಯಾಂಪಿನ ಗಡಿ ಮುಗಿದು ಪಾಲಿಕೆಯ ಹದ್ದು ಶುರುವಾಗುವ ಕಡೆ, ಕೋಟೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಮ್ಮ ಓಣಿ. ಓಣಿಯ ಕೊನೆಗೆ ಕಲ್ಲು ಕಟ್ಟಿದ ಬಾವಿ. ನಳದ ನೀರು ಯಾವಾಗ ಬರುತ್ತದೆ ಎಂದು ನಳಕ್ಕೂ ಗೊತ್ತಿರುವುದಿಲ್ಲ, ಹಾಗಾಗಿ ಓಣಿಯ ಅಷ್ಟೂ ಮನೆ ಬದುಕಿರುವುದು ಆ ಬಾವಿಯಿಂದ. ಅದಕ್ಕೊಂದು ಪದ್ಧತಿಯೂ ಇದೆ. ವರ್ಷಕ್ಕೊಮ್ಮೆ, ಯುಗಾದಿಯ ಹಿಂದಿನ ದಿನ, ಮೊಳಕ್ಕೊಂದು ಗಂಟು ಹಾಕಿದ ಹಗ್ಗದ ತುದಿಗೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಇಳಿಸುತ್ತಾರೆ. ಮೇಲೆ ಎಳೆದು ಎಷ್ಟು ಗಂಟು ತೋಯ್ದಿವೆ ಎಂದು ಎಣಿಸುತ್ತಾರೆ. ಅಷ್ಟು ಮೊಳ ನೀರು. ಆ ಅಂಕಿಯನ್ನು ಬಾವಿಯ ಪಕ್ಕದ ಗೋಡೆಯ ಮೇಲೆ ಕಾವಿಯಲ್ಲಿ ಬರೆಯುತ್ತಾರೆ. ವರ್ಷದ ನಡುವೆ ಹಗ್ಗ ಇಳಿಸುವಂತಿಲ್ಲ. ಪದೇ ಪದೇ ಅಳೆದರೆ ಗಂಗವ್ವ ಮುನಿಯುತ್ತಾಳೆ ಎಂದು ಹಿರಿಯರ ಮಾತು.

ಅಂಕಿ ಬರೆಯುವವಳು ನಮ್ಮ ಓಣಿಯ ನೀಲಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಹೆಡ್‌ಮಾಸ್ತರಾಗಿ ನಿವೃತ್ತಳಾದವಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಸಾಲಿಯಲ್ಲಿ ಮಕ್ಕಳು ಕೈ ಕಟ್ಟಿ ನಿಂತರೆ ಆಕೆ ಕೇಳುತ್ತಿದ್ದದ್ದು ಒಂದೇ ಮಾತು: "ಖರೇ ಹೇಳು." ಹಗ್ಗ ಇಳಿಸುವವನು ನಾನು. ಹಗ್ಗ ತಂದವನೂ ನಾನು. ಇಡೀ ಕಥೆ ಇರುವುದು ಅಲ್ಲೇ.

ಆ ಅಂಜಿಕೆಯ ವರ್ಷಕ್ಕೆ ಮೂವತ್ತು ವರ್ಷ ಮೊದಲು ಬಾಜೂ ಓಣಿಯವರಿಗೂ ಒಂದು ಬಾವಿ ಇತ್ತು, ಅದಕ್ಕಿಂತ ದೊಡ್ಡ ಜಂಬವೂ ಇತ್ತು. ಅವರದು ಹನ್ನೆರಡು ಮೊಳವಂತೆ, ನಮ್ಮದು ಹತ್ತೇ ಅಂತೆ. ಒಂದು ಕಿಲೋ ಕುಂದಾ ಪಂದ್ಯ ಕಟ್ಟಿದೆ. ಖಾನಾಪುರದ ಬೀರಪ್ಪ ಆಗ ಕುರಿ ಕಾಯುತ್ತಿದ್ದ, ನನ್ನ ಬಸ್ಸಿನಲ್ಲೇ ಉಣ್ಣೆ ಗಂಟು ಹೊತ್ತು ಬೆಳಗಾವಿಗೆ ಬರುತ್ತಿದ್ದ. ಆಡಿನ ಕೂದಲಿನಿಂದ ಹಗ್ಗ ಹೊಸೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಹಗ್ಗ ನೀರಲ್ಲಿ ಬಿದ್ದರೂ ಕೊಳೆಯುವುದಿಲ್ಲ. ನಾನು ಅವನಿಗೆ ಹೇಳಿದ್ದು ಇಷ್ಟೇ: ಗಂಟು ಹಾಕುವಾಗ ಮೊಳ ಅಳೆಯಲು ನಿನ್ನ ಕೈ ಬೇಡ, ನಿಮ್ಮವ್ವನ ಕೈ ಹಿಡಿ. ಬೀರಪ್ಪನ ಅವ್ವ ಎದ್ದು ನಿಂತರೂ ಕುಂತಂತೆ ಕಾಣುವಷ್ಟು ಗಿಡ್ಡ. ಮೊಣಕೈಯಿಂದ ಬೆರಳ ತುದಿಯವರೆಗೆ ಆಕೆಯದು ಪುಟ್ಟ ಮೊಳ. ಗಂಟುಗಳು ಹತ್ತಿರ ಹತ್ತಿರ ಬಿದ್ದವು, ಯುಗಾದಿಯ ಅಳತೆಯಲ್ಲಿ ನಮ್ಮ ಬಾವಿ ಒಂದೇ ದಿನದಲ್ಲಿ ಹದಿನಾಲ್ಕು ಮೊಳ ಆಯಿತು. ಕುಂದಾ ಗೆದ್ದೆ, ಓಣಿಗೆಲ್ಲ ಹಂಚಿದೆ. ಯಾರ ಮೊಳ ಎಂದು ಯಾರೂ ಕೇಳಲಿಲ್ಲ.

ಮುಂದಿನ ಹೋಳಿ ಹಬ್ಬಕ್ಕೆ ಗುಟ್ಟು ಬಿಟ್ಟುಕೊಟ್ಟು ನಗಿಸಬೇಕೆಂದಿದ್ದೆ. ಅಷ್ಟರಲ್ಲಿ ನೀಲಕ್ಕ ಗೋಡೆಯ ಮೇಲೆ ಹದಿನಾಲ್ಕು ಎಂದು ಬರೆದು ಅರಿಷಿಣ-ಕುಂಕುಮ ಹಚ್ಚಿಬಿಟ್ಟಿದ್ದಳು. ಹೊಸ ಸೊಸೆಯಂದಿರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದಳು. ಈ ವರ್ಷ ಬೇಡ, ಮುಂದಿನ ವರ್ಷ ಹೇಳೋಣ ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ಗೋಡೆಯ ಮೇಲೆ ಮೂವತ್ತು ಅಂಕಿ ಬಿದ್ದವು.

ಆ ವರ್ಷ ಯುಗಾದಿಗೂ ಹದಿನಾಲ್ಕೇ ಬಂತು. ಹಬ್ಬ ಮುಗಿದು ಹದಿನೈದು ದಿನಕ್ಕೆ, ಬಾವಿಯ ಹಿಂದಿನ ಹಳೆಯ ಬಂಗಲೆಯನ್ನು ಕೆಡವಿದರು. ಹೋಟೆಲ್ ಬರುತ್ತದಂತೆ. ಮೇಲೆ ಏಳು ಮಾಳಿಗೆ, ನೆಲದ ಕೆಳಗೆ ಕಾರು ನಿಲ್ಲಿಸಲು ಎರಡು ಮಾಳಿಗೆ. ಮಣ್ಣು ಪರೀಕ್ಷೆಗೆಂದು ಮೊದಲು ಒಂದು ದೊಡ್ಡ ಗುಂಡಿ ತೋಡಿದರು. ಗುಂಡಿಯಲ್ಲಿ ನೀರು ಬಂತು. ಪಂಪು ಹಚ್ಚಿ ಗಟಾರಕ್ಕೆ ಬಿಟ್ಟರು. ಆ ಪಂಪಿನ ಸದ್ದು ನಿಲ್ಲಲೇ ಇಲ್ಲ. ತಿಳಿ ನೀರು ಗಟಾರದಲ್ಲಿ ಹರಿಯುತ್ತಿತ್ತು, ಇತ್ತ ನಮ್ಮ ಬಾವಿಯಲ್ಲಿ ನಾವು ಹುಟ್ಟಿದಾಗಿನಿಂದ ಕಾಣದ ಕಲ್ಲಿನ ಸಾಲೊಂದು ಮೇಲೆ ಎದ್ದು ಬಂತು. ಹಸಿರು ಪಾಚಿ ಹಿಡಿದ ಆ ಕಲ್ಲನ್ನು ನೋಡಲು ಹೆಂಗಸರು ಬಂದು ಬಗ್ಗಿ ನೋಡಿ, ಮಾತಾಡದೆ ಹೋಗುತ್ತಿದ್ದರು.

ನೀಲಕ್ಕ ಪಾಲಿಕೆಗೆ ಮೇಲ್ಮನವಿ ಬರೆದಳು. ಕೊಟ್ಟ ಪರವಾನಿಗೆ ಹಿಂದೆ ತಗೊಳ್ಳಬೇಕು, ನೆಲದ ಕೆಳಗೆ ತೋಡಿದರೆ ನಮ್ಮ ಬಾವಿ ಸಾಯುತ್ತದೆ. ಜೊತೆಗೆ ಮೂವತ್ತು ವರ್ಷದ ಅಂಕಿಗಳನ್ನು ಚಂದ ಪಟ್ಟಿ ಮಾಡಿ, "ಇವು ಸತ್ಯ" ಎಂದು ಅಫಿಡವಿಟ್‌ಗೆ ಸಹಿ ಹಾಕಿದಳು. ಮನವಿಗೆ ಮೊದಲ ಸಹಿ ನನ್ನದೇ, ಅದೂ ಉಳಿದವರಿಗೆ ಜಾಗ ಇರದಷ್ಟು ದೊಡ್ಡದು. ಆಗಲೂ ನನಗೆ ಹೊಳೆದಿರಲಿಲ್ಲ ನೋಡ್ರಿ. ಅಷ್ಟು ವರ್ಷ ಹೇಳಿ ಹೇಳಿ ಹದಿನಾಲ್ಕು ಮೊಳ ಎಂದು ನಾನೇ ನಂಬಿಬಿಟ್ಟಿದ್ದೆ.

ಹೊಳೆದದ್ದು ಜೂನಿನ ಮಿರಗದ ಮಳೆಗೆ ಮೊದಲು, ಪಾಲಿಕೆಯ ಎಂಜಿನಿಯರ್ ಸಾಹೇಬರು ಉಕ್ಕಿನ ಟೇಪು ಹಿಡಿದು ಬಂದಾಗ. ಓಣಿಯೆಲ್ಲ ಬಾವಿಯ ಸುತ್ತ ನಿಂತಿತ್ತು. ಟೇಪು ಇಳಿಸಿ, ಎತ್ತಿ, ಕನ್ನಡಕ ಸರಿಮಾಡಿಕೊಂಡರು.

"ಹನ್ನೆರಡು ಫೂಟು ನೀರೈತಿ. ಯುಗಾದಿಗೆ ಎಷ್ಟಿತ್ತು ಅಂದ್ರಿ, ಅಕ್ಕಾರ?"

"ಹದಿನಾಲ್ಕು ಮೊಳ ರೀ. ಗ್ವಾಡಿ ಮ್ಯಾಲೆ ಬರದೀನಿ ನೋಡ್ರಿ."

"ಮೊಳಕ್ಕ ದೀಡ ಫೂಟು, ಒಂದೂವರಿ. ಅಂದ್ರ ಇಪ್ಪತ್ತೊಂದು." ಸಾಹೇಬರು ಬರೆದುಕೊಳ್ಳುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಎರಡು ತಿಂಗಳದಾಗ ಒಂಬತ್ತು ಫೂಟು ಇಳೀತೇನ್ರಿ? ಇದು ಭಾಳ ಆತು. ಇದನ್ನ ಹಿಂಗ ಬರೀತೀನಿ."

ನೀಲಕ್ಕನ ಕಣ್ಣಲ್ಲಿ ನೀರು. ಓಣಿಯವರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಾವು ಗೆದ್ದೆವು ಎಂದು ಯಾರೋ ಪಿಸುಗುಟ್ಟಿದರು. ನಾನು ಮಾತ್ರ ಗೋಡೆಯ ಅಂಕಿ ಕಾಣದ ಕಡೆ ತಿರುಗಿ ನಿಂತೆ. ಇಪ್ಪತ್ತೊಂದು ಫೂಟು ಈ ಬಾವಿಯಲ್ಲಿ ಎಂದೂ ಇರಲಿಲ್ಲ. ನೀರು ಇಳಿದದ್ದು ನಿಜ, ಅಷ್ಟು ಇಳಿದದ್ದು ಸುಳ್ಳು. ಮತ್ತು ಆ ಸುಳ್ಳಿನ ಕೆಳಗೆ ಇದ್ದದ್ದು ನೀಲಕ್ಕನ ಸಹಿ.

ಮಳೆ ಹಿಡಿದ ಮೇಲೆ ಪಾಲಿಕೆಯಿಂದ ಪತ್ರ ಬಂತು. ಹೋಟೆಲ್ ಕಡೆಯ ವಕೀಲರು ಕೇಳಿದ್ದಾರೆ, ಅಳತೆ ಮಾಡಿದ ಹಗ್ಗವನ್ನು ವಿಚಾರಣೆಗೆ ತರಬೇಕು, ಅಂಕಿ ಬರೆದವರೂ ಬಂದು ಹೇಳಿಕೆ ಕೊಡಬೇಕು. ಓಣಿಯ ಕಟ್ಟೆಯ ಮೇಲೆ ನೀಲಕ್ಕ ಪತ್ರವನ್ನು ಗಟ್ಟಿಯಾಗಿ ಓದಿದಳು.

"ತರ್ತೀವಿ. ನಮ್ಮ ಹಗ್ಗ ಯಾರಿಗೇನು ಅಂಜತೈತೇನು? ಏನೋ ಬಸು?"

"ಹಗ್ಗ ಅಂಜೂದಿಲ್ಲ ಬಿಡಕ್ಕಾ" ಎಂದೆ. ಅಂಜಿದ್ದು ಹಗ್ಗ ಅಲ್ಲವಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಚಹಾದ ಅಂಗಡಿಯಲ್ಲಿ ಯಾರೋ, ಸುಳ್ಳು ಅಫಿಡವಿಟ್ ಕೊಟ್ಟರೆ ಜೈಲಂತೆ ಎಂದು ಬೇರೆ ಯಾವುದೋ ಭೂಮಿಯ ತಂಟೆಯ ಬಗ್ಗೆ ಮಾತಾಡುತ್ತಿದ್ದರು. ನಾನು ಅರ್ಧ ತಿಂದ ಮಿರ್ಚಿ ಭಜಿ ಬಿಟ್ಟು ಎದ್ದು ಬಂದೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬಚ್ಚಲಿಗೆ ಹೋಗಿ ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ನೀಲಕ್ಕ ಯಾರ ಮುಂದೆಯೋ ಕೈ ಕಟ್ಟಿ ನಿಂತಂತೆ, ಅವರು ಆಕೆಗೆ "ಖರೇ ಹೇಳು" ಅಂದಂತೆ ಕಾಣುತ್ತಿತ್ತು. ನಾನು ಹೇಳಿದರೆ ಬಾವಿಯ ಕೇಸು ಬೀಳುತ್ತದೆ. ಹೇಳದಿದ್ದರೆ, ಆ ವಕೀಲ ಹಗ್ಗಕ್ಕೆ ಸ್ಕೇಲು ಇಟ್ಟ ಗಳಿಗೆಗೆ ಆಕೆಯ ಹೆಸರು ಬೀಳುತ್ತದೆ.

ಹೆದರಿದ ತಲೆಗೆ ಹೊಳೆಯುವುದು ಇನ್ನೊಂದು ಕಳ್ಳ ಬುದ್ಧಿಯೇ. ಖಾನಾಪುರದ ಬಸ್ಸು ಹತ್ತಿದೆ. ಬೀರಪ್ಪನಿಂದ ಸರಿಯಾದ ಮೊಳದ ಹೊಸ ಹಗ್ಗ ಹೊಸೆಸಿ, ಹಳೆಯದನ್ನು ಸುಟ್ಟುಬಿಡುವುದು. ಹದಿನಾಲ್ಕು ಮೊಳ ಸರಿಯಾಗಿ ಇಪ್ಪತ್ತೊಂದು ಫೂಟು ಆಗುತ್ತದೆ, ನೀಲಕ್ಕ ಉಳಿಯುತ್ತಾಳೆ, ಬಾವಿಯೂ ಉಳಿಯುತ್ತದೆ. ಬಸ್ಸಿನಲ್ಲಿ ಹಳೆಯ ಪ್ರಯಾಣಿಕನೊಬ್ಬ ಗುರುತು ಹಿಡಿದು, "ಕಾಯ್ ಬಸಣ್ಣಾ, ಆಜ್ ಕೋಣಾಚಂ ಪಾಕೀಟ್ ಪಡ್ಲಂ?" ಎಂದು ಮರಾಠಿಯಲ್ಲಿ ಛೇಡಿಸಿದ. ಯಾರ ಪಾಕೀಟು ಬಿತ್ತು ಎಂದರೆ, ಇವತ್ತು ಬಿದ್ದದ್ದು ನನ್ನದೇ ಮಾರಾಯಾ. ಹೊರಗೆ ಮಳೆ ಗಾಜಿಗೆ ಬಡಿಯುತ್ತಿತ್ತು, ಕಾಡು ಕಾಣುತ್ತಿರಲಿಲ್ಲ.

ಬೀರಪ್ಪನ ಮಕ್ಕಳು ಈಗ ನೌಕರಿಯಲ್ಲಿದ್ದಾರೆ, ಕುರಿ ಹಿಂಡು ಇಲ್ಲ. ಆದರೂ ಮನೆಯ ಹಿಂದೆ ನಾಲ್ಕು ಆಡು ಕಟ್ಟಿಕೊಂಡಿದ್ದಾನೆ, ಕೈ ಸುಮ್ಮನಿರುವುದಿಲ್ಲವೆಂದು. ತೊಯ್ದು ತೊಪ್ಪೆಯಾಗಿದ್ದ ನನಗೆ ತನ್ನ ಕಂಬಳಿ ಹೊದಿಸಿದ. ಅದೂ ಒದ್ದೆಯೇ. ನಾನು ಎಲ್ಲ ಹೇಳಿದೆ.

"ಹೊಸಾ ಹಗ್ಗಾ ಬೇಕು. ಸರಿ ಮೊಳದ್ದು. ಹಳೀದರಂಗ ಕಾಣಬೇಕು."

"ಸರಿ ಮೊಳ ಅಂದ್ರ? ನಮ್ಮವ್ವನ ಮೊಳ ತಪ್ಪೇನಲೇ?"

"ಹಂಗಲ್ಲೋ ಬೀರ್ಯಾ…"

"ಹೆಂಗ ಮತ್ತ? ಆಕಿ ಅದ ಕೈಲೆ ನಮ್ಮನ್ನೆಲ್ಲಾ ಜ್ವಾಪಾನ ಮಾಡ್ಯಾಳ. ಅದ ಕೈ ಅಳದ ಅಳದ ಗಂಟು ಹಾಕೀನಿ, ಒಂದು ಗಂಟು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಸುಳ್ಳು ಹಗ್ಗದಾಗಿಲ್ಲ ಮಗನ, ನಿನ್ನ ಬಾಯಾಗೈತಿ."

"ಇದೊಂದ ಸಲ. ಆ ಮುದುಕಿ ಮಾರಿ ನೋಡಿ ಮಾಡೋ."

ಬೀರಪ್ಪ ಕಂಬಳಿಯನ್ನು ನನ್ನ ಹೆಗಲ ಮೇಲೆ ಸರಿಮಾಡಿದ. "ಅವತ್ತಿಂದು ಚ್ಯಾಷ್ಟಿ ಇತ್ತು, ಕೂಡಿ ನಕ್ಕಿವಿ. ಇವತ್ತು ಮಾಡಿದ್ರ ಅದು ಕಳ್ಳತನ ಆಗ್ತೈತಿ ಬಸ್ಯಾ. ಕೋರ್ಟಿನ್ಯಾಗ ಇಡೂ ಹಗ್ಗಾ ನಾ ಹೊಸ್ಯಾಂಗಿಲ್ಲ. ಹೋಗು, ಆಕಿಗೆ ಹೇಳು."

ಹೋಗು ಎಂದವನು ಕಂಬಳಿಯನ್ನು ಮಾತ್ರ ವಾಪಸ್ ಕೇಳಲಿಲ್ಲ. ಬೆಳಗಾವಿಯವರೆಗೂ ಅದರ ವಾಸನೆ ಮೂಗಿಗೆ ಅಂಟಿಕೊಂಡೇ ಬಂತು.

ಮರುದಿನ ಬೆಳಿಗ್ಗೆ ಹಗ್ಗ ಹೆಗಲಿಗೆ ಹಾಕಿಕೊಂಡು ನೀಲಕ್ಕನ ಮನೆಗೆ ಹೋದೆ. ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಿಂತೇ ಹೇಳಿದೆ. ಆಕೆ ತಲೆ ಎತ್ತಲಿಲ್ಲ.

"ಇದೊಂದು ಹೊಸಾ ನಾಟಕೇನು? ಅಕ್ಕಿಯಾಗಿನ ಹರಳ ಆರಸೂಣು ಬಾ, ಕಣ್ಣ ಕಾಣವಲ್ದು ನನಗ."

"ನಾಟಕ ಅಲ್ಲಕ್ಕಾ. ಖರೇನ."

"ನಿನ್ನ ಬಾಯಾಗ ಖರೇ!" ಎಂದು ನಕ್ಕಳು.

ನಾನು ಕೆಳಗೆ ಕೂತು ಹಗ್ಗ ಚಾಚಿದೆ. ಆಕೆಯ ಮೊಣಕೈಯನ್ನು ಒಂದು ಗಂಟಿನ ಮೇಲೆ ಇಟ್ಟೆ. ಬೆರಳುಗಳು ಮುಂದಿನ ಗಂಟನ್ನು ದಾಟಿ ನಾಲ್ಕು ಬೆರಳಗಲ ಮುಂದೆ ಹೋದವು. ನೀಲಕ್ಕನ ನಗು ನಿಂತಿತು. ತಾನೇ ಎರಡನೆಯ ಗಂಟಿಗೆ ಇಟ್ಟು ನೋಡಿದಳು. ಮೂರನೆಯದಕ್ಕೂ. ಮೊರದಲ್ಲಿದ್ದ ಅಕ್ಕಿಯನ್ನು ಸಾವಕಾಶ ಪಾತ್ರೆಗೆ ಸುರಿದಳು.

"ಇಷ್ಟ ವರ್ಷ ನನ್ನ ಕೈಲೆ ಬರಸಿದಿ."

ಬೈದಿದ್ದರೆ ಬದುಕುತ್ತಿದ್ದೆ. ಬೈಯಲಿಲ್ಲ.

"ಸುಮ್ಮನಿದ್ರ ಗೆದ್ದರೂ ಗೆಲ್ತೀವಿ ಅಕ್ಕಾ" ಎಂದೆ. ನನ್ನ ಧ್ವನಿ ನನಗೇ ಕಳ್ಳನದಂತೆ ಕೇಳಿಸಿತು. "ಅವರು ಹಗ್ಗಕ್ಕ ಟೇಪು ಹಿಡೀದಿದ್ರ ಯಾರಿಗೂ ಗೊತ್ತಾಗಾಂಗಿಲ್ಲ."

"ನನಗ ಗೊತ್ತಾತಲ್ಲ" ಎಂದಳು. ಅಷ್ಟೇ. ಎದ್ದು ಒಳಗೆ ಹೋದಳು.

ವಿಚಾರಣೆಯ ದಿನ ಪಾಲಿಕೆಯ ಸಭಾಂಗಣದಲ್ಲಿ ಒದ್ದೆ ಕೊಡೆ, ಒದ್ದೆ ಚಪ್ಪಲಿ. ಬೀರಪ್ಪನ ಕಂಬಳಿ ಹೊದ್ದು, ಚೀಲದಲ್ಲಿ ಹಗ್ಗ ತುಂಬಿಕೊಂಡು ನಾನು ಕೊನೆಯ ಸಾಲಿನಲ್ಲಿ. ಎದುರಿಗೆ ಸಮಿತಿಯ ಸದಸ್ಯರು, ನಡುವೆ ಅಧ್ಯಕ್ಷೆ. ಒಂದು ಕಡೆ ಹೋಟೆಲಿನ ವಕೀಲರು, ಇನ್ನೊಂದು ಕಡೆ ಇಡೀ ಓಣಿ. ಓಣಿಗೆ ನಾವಿಬ್ಬರೂ ಏನೂ ಹೇಳಿರಲಿಲ್ಲ. ಗೆಲ್ಲಲು ಬಂದವರ ಹಾಗೆ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು.

ನೀಲಕ್ಕನನ್ನು ಕರೆದರು. ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಎದ್ದಳು. "ನನ್ನ ಅಫಿಡವಿಟ್‌ನಾಗ ತಪ್ಪೈತ್ರಿ. ಅದನ್ನ ತಿದ್ದಾಕ ಬಂದೀನಿ. ಹೆಂಗ ತಪ್ಪಾತು ಅನ್ನೂದನ್ನ ಇಂವ ಹೇಳ್ತಾನ."

ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ಆಸರೆಯಿಲ್ಲದೆ ನಿಂತವನು ನಾನು, ಅಲುಗಾಡದ ನೆಲದ ಮೇಲೆ ಕುರ್ಚಿ ಹಿಡಿದು ಎದ್ದೆ. ಹೇಳಿದೆ. ಕುಂದಾ, ಪಂದ್ಯ, ಬೀರಪ್ಪನ ಅವ್ವನ ಕೈ, ಎಲ್ಲ. ಮುಗಿಸಿದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಸದಸ್ಯರಲ್ಲೊಬ್ಬರು ಎದ್ದರು. "ಅಧ್ಯಕ್ಷರ, ನಾ ಇವನ ಬಸ್ಸಿನ್ಯಾಗ ಕಾಲೇಜಿಗೆ ಹೋಗಿದ್ದಂವ. ಇದೂ ಇವನ ಒಂದು ಚ್ಯಾಷ್ಟಿ ರೀ. ನಂಬಬ್ಯಾಡ್ರಿ."

ನನ್ನ ಮಾತಿಗೆ ಜನ ನಕ್ಕರೆ ನನಗೆ ಹಬ್ಬ. ಅಂದು ಆ ನಗುವಿಗೆ ಹಗ್ಗದ ಚೀಲವನ್ನು ಎದೆಗೆ ಅವುಚಿಕೊಂಡೆ. ಓಣಿಯವರು ಮಾತ್ರ ನಗಲಿಲ್ಲ. ಅವರಿಗೆ ಅರ್ಥವಾಗಿತ್ತು. ಹೊಸ ಅಂಗಿಗಳೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದವು.

ಅಧ್ಯಕ್ಷೆ ಮೇಜು ಬಡಿದರು. "ಅಕ್ಕಾರ, ನೀವು ಇವರ ಮಾತು ನಂಬತೀರೇನು?"

"ಇಷ್ಟ ದಿನ ನಂಬೇ ಕೆಟ್ಟೆ ರೀ" ಎಂದಳು ನೀಲಕ್ಕ. "ಇದನ್ನ ನಂಬಿಲ್ಲ. ನನ್ನ ಕೈಲೆ ಅಳದು ನೋಡೀನಿ."

ವಕೀಲರು ಸಿಕ್ಕದ್ದನ್ನು ಬಿಡುವವರಲ್ಲ. ಹಗ್ಗವೇ ಸುಳ್ಳಾದ ಮೇಲೆ ಮೂವತ್ತು ವರ್ಷದ ಪಟ್ಟಿಯೂ ಸುಳ್ಳು, ಮೇಲ್ಮನವಿಯನ್ನೇ ವಜಾ ಮಾಡಬೇಕು ಎಂದರು. ಅಧ್ಯಕ್ಷೆ ಎಂಜಿನಿಯರ್ ಸಾಹೇಬರ ಕಡೆ ನೋಡಿದರು. ಸಾಹೇಬರು ಹಗ್ಗವನ್ನು ಮೇಜಿನ ಉದ್ದಕ್ಕೂ ಚಾಚಿ ಒಂದೊಂದೇ ಗಂಟಿಗೆ ಟೇಪು ಹಿಡಿದರು. ಗಂಟುಗಳು ಒಂದಕ್ಕೊಂದು ಹೊಂದದಿದ್ದರೆ ಎಲ್ಲ ಮುಗಿದಂತೆ, ಯಾವ ಲೆಕ್ಕಕ್ಕೂ ಬಾರದ ಹಗ್ಗ ಅದು. "ಹದಿನಾಲ್ಕು ಇಂಚು" ಎಂದರು. ಮುಂದಿನದು, "ಹದಿನಾಲ್ಕು." ಅದರ ಮುಂದಿನದು. ನಾನು ಬದುಕಿನಲ್ಲಿ ದೇವರನ್ನು ಅಷ್ಟು ಕರೆದಿಲ್ಲ, ಬೀರಪ್ಪನ ಅವ್ವನನ್ನು ಕರೆದೆ. ಕೊನೆಯ ಗಂಟೂ ಹದಿನಾಲ್ಕೇ ಬಂತು.

"ಮೊಳ ಸಣ್ಣದು, ಆದ್ರ ಎಲ್ಲಾ ಒಂದ ಸಮ ಅದಾವ್ರಿ" ಎಂದರು ಸಾಹೇಬರು. "ಯುಗಾದಿಗೆ ಹದಿನಾರು ಫೂಟು ಚಿಲ್ಲರೆ. ಮಿರಗಕ್ಕ ಮೊದಲ ನಾ ಅಳದಾಗ ಹನ್ನೆರಡು. ಒಂಬತ್ತಲ್ಲ, ನಾಲ್ಕು ಫೂಟು ಇಳದೈತಿ."

"ಬ್ಯಾಸಗಿಯೊಳಗ ಯಾವ ಬಾವಿ ನಾಲ್ಕು ಫೂಟು ಇಳಿಯೂದಿಲ್ಲ ಹೇಳ್ರಿ?" ಎಂದರು ವಕೀಲರು. "ಅಕ್ಕಾರ, ಹಿಂದಿನ ವರ್ಷಗಳ ಬ್ಯಾಸಗಿ ಅಳತಿ ಅದಾವೇನು ನಿಮ್ಮಲ್ಲಿ?"

ಯುಗಾದಿ ಬಿಟ್ಟರೆ ನಮ್ಮಲ್ಲಿ ಯಾರೂ ಹಗ್ಗ ಇಳಿಸುವುದಿಲ್ಲ. ಒಂದೇ ಒಂದು ಬೇಸಿಗೆಯ ಅಳತೆಯೂ ನಮ್ಮ ಬಳಿ ಇರಲಿಲ್ಲ. ನೀಲಕ್ಕ ಸುಳ್ಳು ಹೇಳಬಹುದಿತ್ತು, ಅದನ್ನು ಹಿಡಿಯುವವರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

"ಇಲ್ಲ ರೀ" ಎಂದಳು.

ಸಮಿತಿಯವರು ತಲೆ ಕೂಡಿಸಿ ಮಾತಾಡಿದ ಆ ಹೊತ್ತು ಎಷ್ಟು ಉದ್ದವಿತ್ತೆಂದರೆ ನನ್ನ ಕಂಬಳಿ ಮೈಮೇಲೆಯೇ ಒಣಗಿತು. ಕೊನೆಗೆ ಅಧ್ಯಕ್ಷೆ ಹೇಳಿದರು: ಪಂಪು ನಿಲ್ಲಬೇಕು. ಗುಂಡಿ ಮುಚ್ಚಬೇಕು. ಮುಂದಿನ ಮಳೆಗಾಲದವರೆಗೆ ತಿಂಗಳಿಗೊಮ್ಮೆ ಎಂಜಿನಿಯರ್ ಟೇಪಿನಿಂದಲೇ ಅಳೆಯಬೇಕು. ಅಲ್ಲಿಯವರೆಗೆ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ.

ಆ ಒಂದು ವರ್ಷ ನೀಲಕ್ಕ ನನ್ನ ಜೊತೆ ಮಾತಾಡಲಿಲ್ಲ. ಓಣಿಯವರು ಮಾತಾಡಿದರು, ನಗಲಿಲ್ಲ. ತಿಂಗಳಿಗೊಮ್ಮೆ ಸಾಹೇಬರು ಬಂದಾಗ ನಾನು ಕಟ್ಟೆಯ ಆ ಕಡೆ ನಿಂತು ಟೇಪನ್ನು ನೋಡದೆ ಅವರ ಮುಖ ನೋಡುತ್ತಿದ್ದೆ. ಮುಂದಿನ ಬೇಸಿಗೆಯೂ ಬಂತು. ಈ ಸಲ ಪಂಪು ಇರಲಿಲ್ಲ. ಬಾವಿ ಇಳಿದದ್ದು ಒಂದೇ ಫೂಟು. ಸಾಹೇಬರು ಅದನ್ನು ಬರೆದರು, ಸಮಿತಿ ಓದಿತು. ಹೋಟೆಲ್ ಕಟ್ಟಬಹುದು, ನೆಲದ ಕೆಳಗೆ ಒಂದು ಬುಟ್ಟಿ ಮಣ್ಣೂ ತೆಗೆಯುವಂತಿಲ್ಲ ಎಂದು ತೀರ್ಮಾನವಾಯಿತು. ಓಣಿಯವರು ಪೇಡೆ ಹಂಚಿದರು. ನನಗೂ ಒಂದು ಸಿಕ್ಕಿತು, ಅರ್ಧ ಒಡೆದದ್ದು.

ಕಂಪನಿಯವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಅದು ಇನ್ನೂ ನಡೆದಿದೆ. ಹಿಂದಿನ ಬಯಲಿಗೆ ತಗಡಿನ ಬೇಲಿ ಹಾಕಿದ್ದಾರೆ, ಅದರ ಆಚೆ ಒಮ್ಮೊಮ್ಮೆ ಲಾರಿಯ ಸದ್ದಾಗುತ್ತದೆ. ಆ ಸದ್ದಿಗೆ ಓಣಿಯಲ್ಲಿ ಎಲ್ಲರ ಕೈ ಒಂದು ಗಳಿಗೆ ನಿಲ್ಲುತ್ತದೆ.

ಬೆಳಗಿನ ಮೊದಲ ಕೊಡ ಈಗ ನಾನೇ ಇಳಿಸುತ್ತೇನೆ. ಗಡಗಡೆ ತಿರುಗುತ್ತದೆ, ಕೊಡ ಕತ್ತಲೆಗೆ ಇಳಿಯುತ್ತದೆ, ನಾನು ಉಸಿರು ಬಿಗಿಹಿಡಿಯುತ್ತೇನೆ. ನಿನ್ನೆಗಿಂತ ತಡವಾಯಿತೇ? ಹಗ್ಗ ನಿನ್ನೆಗಿಂತ ಹೆಚ್ಚು ಹೋಯಿತೇ? ನೀಲಕ್ಕನ ಬಾಗಿಲು ಅರ್ಧ ತೆರೆದಿರುತ್ತದೆ. ಆಕೆಯ ಕಣ್ಣು ಪೂರಾ ಮಂಜಾಗಿದೆ, ಬಾವಿಯವರೆಗೆ ಬರಲಾಗುವುದಿಲ್ಲ.

"ಮುಟ್ಟಿತೇನೋ?" ಎಂದು ಒಳಗಿನಿಂದ ಕೂಗುತ್ತಾಳೆ.

ನೀವು ಹೇಳಿ, ನನ್ನಂಥವನಿಗೆ ಇದಕ್ಕಿಂತ ಸಲೀಸಾದ ಚೇಷ್ಟೆ ಯಾವುದಿದೆ? ಎರಡು ಗಳಿಗೆ ಸುಮ್ಮನೆ ನಿಂತರೆ ಸಾಕು, ಮುದುಕಿ ಬರಿಗಾಲಲ್ಲಿ ಬಾಗಿಲಿಗೆ ಓಡಿ ಬರುತ್ತಾಳೆ.

"ಮುಟ್ತು ಅಕ್ಕಾ" ಎಂದು ಕೂಗುತ್ತೇನೆ, ಕೊಡ ನೀರಿಗೆ ಬಿದ್ದ ಸದ್ದಿಗೇ, ತುಂಬುವುದನ್ನೂ ಕಾಯದೆ.